ನಕ್ಷೆ ಬರೆಯುವ ಮೊದಲೇ ಕೇಳಿ: ನೀರಿನ ಯೋಜನೆಯೊಳಗೆ ಜನ ಬಂದ ಬಗೆ

2010ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಗ್ರಿಫಿತ್ ಎಂಬ ಊರಿನಲ್ಲಿ ಸಿಟ್ಟಿಗೆದ್ದ ನೀರಾವರಿ ರೈತರು ಸರ್ಕಾರಿ ವರದಿಯೊಂದರ ಪ್ರತಿಗಳಿಗೆ ಬೆಂಕಿ ಹಚ್ಚಿದರು. ಮರ್ರೆ-ಡಾರ್ಲಿಂಗ್ ನದಿಗಳಿಗೆ ಒಂದಿಷ್ಟು ನೀರನ್ನು ವಾಪಸ್ ಬಿಡಬೇಕು, ಅದಕ್ಕಾಗಿ ನೀರಾವರಿಯ ಪಾಲನ್ನು ಕಡಿಮೆ ಮಾಡಬೇಕು ಅಂತ ಆ ವರದಿ ಹೇಳಿತ್ತು. ಉದ್ದೇಶ ಸರಿಯಾಗಿಯೇ ಇತ್ತು, ನದಿ ನಿಜಕ್ಕೂ ಸೊರಗಿತ್ತು. ಆದರೆ ಲೆಕ್ಕವೆಲ್ಲ ಮುಗಿದು, ಅಂಕಿಗಳು ಅಚ್ಚಾದ ಮೇಲೆ ಆ ವರದಿ ರೈತರ ಕೈಗೆ ಬಂತು. ಕೊನೆಗೆ ಯೋಜನೆ ಜಾರಿಗೆ ಬಂದಿದ್ದು 2012ರಲ್ಲಿ, ನದಿಗೆ ಬಿಡುವ ನೀರಿನ ಪ್ರಮಾಣ ತಗ್ಗಿದ ಮೇಲೆ.

ಜನರನ್ನು ಮೊದಲೇ ಕೇಳಬೇಕು ಅನ್ನುವ ಮಾತು ನೆರೆ ತಡೆಯುವ ಕೆಲಸಕ್ಕೂ ಸಲ್ಲುತ್ತದೆ. ನೆರೆ ತಡೆಯುವ ಕಾಂಕ್ರೀಟ್ ಗೋಡೆಗೆ ದಡದಲ್ಲಿ ಸ್ವಲ್ಪ ಜಾಗ ಮತ್ತು ದುಡ್ಡಿದ್ದರೆ ಸಾಕು. ಆದರೆ ನದಿ ಹರಡಿಕೊಳ್ಳಲು ಬಯಲು ಬಿಡಬೇಕು, ಹಳ್ಳದ ಓಟವನ್ನು ಮೇಲಿನ ಕಾಡಿನಲ್ಲೇ ನಿಧಾನ ಮಾಡಬೇಕು, ಒಣಗಿಸಿದ ಜೌಗು ನೆಲವನ್ನು ಮತ್ತೆ ನೆನೆಸಬೇಕು ಅಂದರೆ ಆ ಜಾಗವೆಲ್ಲ ಯಾರದ್ದೋ ಹೊಲ, ಯಾರದ್ದೋ ಹುಲ್ಲುಗಾವಲು ಆಗಿರುತ್ತದೆ ಅಲ್ವಾ? ಅವರು ಒಪ್ಪದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ನೀರು ಬಳಸುವವರೇ ಕೂತು ತೀರ್ಮಾನ ಮಾಡುವುದು ಹೊಸದೇನಲ್ಲ. ಸ್ಪೇನ್‌ನ ವೆಲೆನ್ಸಿಯಾದಲ್ಲಿ ಇವತ್ತಿಗೂ ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕೆಥೆಡ್ರಲ್ ಬಾಗಿಲ ಬಳಿ ನೀರಿನ ನ್ಯಾಯಮಂಡಳಿ ಸೇರುತ್ತದೆ. ಕಾಲುವೆಯ ರೈತರು ಆರಿಸಿದ ರೈತರೇ ನ್ಯಾಯಾಧೀಶರು. ವಾದ, ತೀರ್ಪು ಎಲ್ಲ ಬಾಯಿಮಾತಿನಲ್ಲೇ. ನೆದರ್‌ಲ್ಯಾಂಡ್ಸ್‌ನ ರೈನ್‌ಲ್ಯಾಂಡ್ ನೀರು ಮಂಡಳಿಗೆ 1255ರಲ್ಲೇ ಸನ್ನದು ಸಿಕ್ಕಿತ್ತು. ಅಲ್ಲಿನ ನೀರು ಮಂಡಳಿಗಳ ಸೂತ್ರ ಸರಳ: ನೀರಿನಿಂದ ಯಾರಿಗೆ ಲಾಭ ಇದೆಯೋ ಅವರು ದುಡ್ಡು ಕೊಡಬೇಕು, ದುಡ್ಡು ಕೊಟ್ಟವರಿಗೆ ಮಾತಿನ ಹಕ್ಕು ಇರಬೇಕು. ಇದರಲ್ಲಿ ಜಮೀನಿಲ್ಲದವರ ಪಾಲು ಎಲ್ಲಿ ಅಂತ ನಾವು ಕೇಳಲೇಬೇಕು.

20ನೇ ಶತಮಾನದಲ್ಲಿ ದೊಡ್ಡ ಅಣೆಕಟ್ಟುಗಳ ಜೊತೆ ತೀರ್ಮಾನವೂ ಎಂಜಿನಿಯರುಗಳ ಕಚೇರಿಗೆ ಹೋಯಿತು. 1969ರಲ್ಲಿ ಅಮೆರಿಕದ ನೀತಿ ತಜ್ಞೆ ಶೆರಿ ಆರ್ನ್‌ಸ್ಟೈನ್ ಜನರ ಭಾಗವಹಿಸುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ವಿವರಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ನೆ ಪುಸಲಾಯಿಸುವುದು, ನಡುವೆ ಮಾಹಿತಿ ಕೊಟ್ಟು ಅಭಿಪ್ರಾಯ ಕೇಳುವುದು, ಮೇಲೆ ನಿಜವಾದ ಅಧಿಕಾರ. ಕಾಟಾಚಾರದ ಸಭೆ ಎಲ್ಲಿ ನಿಲ್ಲುತ್ತದೆ ಅಂತ ಈ ಏಣಿ ನೋಡಿದರೆ ಗೊತ್ತಾಗುತ್ತದೆ.

ನೀರಿನ ಬಗ್ಗೆ ನಡೆದ 1992ರ ಡಬ್ಲಿನ್ ಸಮ್ಮೇಳನ, ಪರಿಸರದ ತೀರ್ಮಾನಗಳಲ್ಲಿ ಜನರಿಗೆ ಪಾಲು ಕೊಡುವ 1998ರ ಆರ್ಹಸ್ ಒಪ್ಪಂದ ದಾಟಿ ಜನರನ್ನು ಕೇಳುವ ವಿಷಯ ಕಾನೂನಿನೊಳಕ್ಕೆ ಬಂದಿದ್ದು 2000ದಲ್ಲಿ, ಯುರೋಪ್ ಒಕ್ಕೂಟದ ನೀರಿನ ಚೌಕಟ್ಟು ನಿರ್ದೇಶನದ ಮೂಲಕ. ಅದರ 14ನೇ ವಿಧಿಯ ಪ್ರಕಾರ ನದಿ ಯೋಜನೆ ಶುರುವಾಗುವ 3 ವರ್ಷ ಮೊದಲೇ ವೇಳಾಪಟ್ಟಿ, 2 ವರ್ಷ ಮೊದಲು ಮುಖ್ಯ ಸಮಸ್ಯೆಗಳ ಪಟ್ಟಿ, 1 ವರ್ಷ ಮೊದಲು ಕರಡು ಹೊರಗೆ ಬರಬೇಕು. ಪ್ರತಿ ಸಲವೂ ಬರಹದಲ್ಲಿ ಅಭಿಪ್ರಾಯ ತಿಳಿಸಲು ಜನರಿಗೆ ಕನಿಷ್ಠ 6 ತಿಂಗಳು ಸಮಯ. ಸಮಸ್ಯೆಗಳ ಪಟ್ಟಿಯನ್ನೇ ಜನರ ಮುಂದಿಡುವುದು ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಯಾವುದು ಸಮಸ್ಯೆ ಅಂತ ಬೇರೆಯವರು ತೀರ್ಮಾನ ಮಾಡಿಬಿಟ್ಟರೆ ಉತ್ತರವೂ ಅಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತದೆ. ಆದರೆ ಅಭಿಪ್ರಾಯ ಕೇಳುವುದು ಕಡ್ಡಾಯವಾದರೂ, ಜನ ಸಕ್ರಿಯವಾಗಿ ಕೈಜೋಡಿಸುವುದನ್ನು ಬರೀ 'ಪ್ರೋತ್ಸಾಹಿಸಬೇಕು' ಅಂತ ಮಾತ್ರ ಆ ವಿಧಿ ಹೇಳುತ್ತದೆ.

ಇಂಗ್ಲೆಂಡಿನ ಪಿಕರಿಂಗ್ ಪಟ್ಟಣದಲ್ಲಿ ಜನ ಕೈಜೋಡಿಸಿದರು. ಪದೇಪದೇ ನೆರೆ ಬರುತ್ತಿದ್ದ ಊರು ಅದು, 2007ರಲ್ಲಂತೂ ಜೋರಾಗಿ ಬಂತು. ತಡೆಗೋಡೆ ಕಟ್ಟೋಣ ಅಂದರೆ ಖರ್ಚು ಜಾಸ್ತಿ, ಆ ಖರ್ಚಿಗೆ ತಕ್ಕ ಲಾಭ ಇಲ್ಲ ಅನ್ನುವ ಉತ್ತರ ಬಂತು. ಆಗ ವಿಶ್ವವಿದ್ಯಾಲಯಗಳ ಸಂಶೋಧಕರು ಊರಿನವರ ಜೊತೆ ಒಂದು ಗುಂಪು ಕಟ್ಟಿದರು. ಊರಿನವರು ಬರೀ ಪ್ರಶ್ನಾವಳಿ ತುಂಬಿ ಎದ್ದು ಹೋಗಲಿಲ್ಲ, ನೀರು ಹರಿಯುವ ಕಂಪ್ಯೂಟರ್ ಮಾದರಿಯನ್ನು ಸಂಶೋಧಕರ ಜೊತೆ ಕೂತೇ ರೂಪಿಸಿದರು. ನೀರನ್ನು ಮೇಲುಗಡೆಯೇ ಹಿಡಿದು ನಿಲ್ಲಿಸುವ ಸಣ್ಣ ಸಣ್ಣ ಏರಿಗಳ ಯೋಚನೆ ಆ ಗುಂಪಿನಲ್ಲಿ ಬೆಳೆಯಿತು. ಮುಂದಿನ ವರ್ಷಗಳಲ್ಲಿ ಹಳ್ಳಗಳಿಗೆ ಅಡ್ಡಲಾಗಿ ಮರದ ದಿಮ್ಮಿಗಳ 100ಕ್ಕೂ ಹೆಚ್ಚು ಸೋರುವ ಕಟ್ಟೆಗಳು ಬಂದವು. ಬೇರೆ ದಿನ ನೀರು ದಿಮ್ಮಿಯ ಕೆಳಗೆ ಆರಾಮಾಗಿ ಹರಿದು ಹೋಗುತ್ತದೆ. ಹಳ್ಳ ಉಕ್ಕಿದಾಗ ಮಾತ್ರ ದಿಮ್ಮಿಗೆ ತಾಗಿ, ಪಕ್ಕದ ಕಾಡಿಗೆ ಹರಡಿ, ಗಂಟೆಗಟ್ಟಲೆ ತಡವಾಗಿ ಕೆಳಗಿಳಿಯುತ್ತದೆ. ಜೊತೆಗೆ ಮರ ನೆಟ್ಟರು, 1,20,000 ಘನ ಮೀಟರ್ ನೀರು ಹಿಡಿಯುವ ಒಂದು ದೊಡ್ಡ ಏರಿಯನ್ನೂ ಕಟ್ಟಿದರು. 2015ರ ಡಿಸೆಂಬರ್‌ನ ಭಾರಿ ಮಳೆಯಲ್ಲಿ ಇವೆಲ್ಲ ಸೇರಿ ನೆರೆಯ ಗರಿಷ್ಠ ಹರಿವನ್ನು ಶೇ. 15ರಿಂದ 20ರಷ್ಟು ತಗ್ಗಿಸಿದವು ಅಂತ ಆಮೇಲಿನ ಲೆಕ್ಕ ಹೇಳಿತು.

ಎಲ್ಲ ಕಡೆ ಇಷ್ಟು ಹಿತವಾಗಿ ಮುಗಿಯುವುದಿಲ್ಲ. 1995ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ನೆರೆ ಭಯದಿಂದ ಸುಮಾರು 2,50,000 ಜನ ಮನೆ ಬಿಡಬೇಕಾಯಿತು. ಆಮೇಲೆ ಅಲ್ಲಿನ ಸರ್ಕಾರ ಏರಿಗಳನ್ನು ಎತ್ತರಿಸುತ್ತಲೇ ಹೋಗುವ ಬದಲು ನದಿಗೇ ಜಾಗ ಬಿಡಲು ಹೊರಟಿತು. ಓವರ್‌ಡೀಪ್ಸೆ ಎಂಬ ತಗ್ಗು ಪ್ರದೇಶದ ಹೊಲಗಳಿಗೆ ನೀರು ನುಗ್ಗಿಸುವ ವಿಚಾರ ಬಂದಾಗ ಅಲ್ಲಿನ ರೈತರು ಪರಿಹಾರಕ್ಕೆ ಕಾಯುತ್ತಾ ಕೂರಲಿಲ್ಲ. ತಾವೇ ಒಂದು ಯೋಜನೆ ಬರೆದರು: ನೀರು ಬರಲಿ, ನಾವು ಎತ್ತರದ ದಿಬ್ಬಗಳ ಮೇಲೆ ಮನೆ, ಕೊಟ್ಟಿಗೆ ಕಟ್ಟಿಕೊಂಡು ಇಲ್ಲೇ ಬೇಸಾಯ ಮಾಡುತ್ತೇವೆ. ಸರ್ಕಾರ ಒಪ್ಪಿತು. ಸುಮಾರು 6 ಮೀಟರ್ ಎತ್ತರದ ದಿಬ್ಬಗಳು ಎದ್ದವು. ಆದರೆ ಅಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಹೆಚ್ಚುಕಮ್ಮಿ ಅರ್ಧದಷ್ಟು ಕುಟುಂಬಗಳು ಜಮೀನು ಬಿಟ್ಟು ಬೇರೆಡೆಗೆ ಹೋದವು. ಉಳಿದವರ ಮನೆಗಳು ಈಗ ಬಯಲಿನ ಅಂಚಿನಲ್ಲಿ ಸಾಲಾಗಿ ನಿಂತಿವೆ, ಹೊಲಗಳು ಕೆಳಗೆ ಇವೆ, ನದಿ ಉಕ್ಕಿದಾಗ ಅವು ನೀರಿಗೆ.