ತಂತಿ ಮುಟ್ಟಿದರೆ ಸುಮ್ಮನಾಗುವ ಗುಂಯ್

ಪ್ರಶ್ನೆ: ಮಗನಿಗೆ ಎಲೆಕ್ಟ್ರಿಕ್ ಗಿಟಾರ್, ಒಂದು ಸಣ್ಣ ಆಂಪ್ (ಆಂಪ್ಲಿಫೈಯರ್) ತೆಗೆಸಿಕೊಟ್ಟೆ. ಆನ್ ಮಾಡಿದ ಕೂಡಲೇ ಗುಂಯ್ ಅನ್ನುತ್ತದೆ. ತಂತಿ ಮೇಲೆ ಕೈ ಇಟ್ಟರೆ ಕಡಿಮೆ, ತೆಗೆದರೆ ಮತ್ತೆ ಶುರು. ಆಂಪ್ ಹಾಳಾಗಿದೆಯಾ? – ಪೆರ್ಲದ ಓದುಗರು

ಹೆಚ್ಚಾಗಿ ಇಲ್ಲ. ಬಿಚ್ಚಲು ಹೋಗಬೇಡಿ.

ಗಿಟಾರಿನ ಪಿಕಪ್ ಅಂದರೆ ಸಾವಿರಾರು ಸುತ್ತು ವೈರಿನ ಕಾಯಿಲ್. ಗಿಟಾರ್ ತಂತಿಯ ಕಂಪನದ ಜೊತೆಗೆ ಮನೆಯ ಕರೆಂಟಿನ ಸದ್ದನ್ನೂ ಅದು ಹಿಡಿಯುತ್ತದೆ. ಬಾರಿಸುವವನ ಮೈಯೂ ಒಂದು ಆಂಟೆನಾ. ತಂತಿ ಮುಟ್ಟಿದಾಗ ಬ್ರಿಡ್ಜ್ (ತಂತಿ ಕೂರುವ ಲೋಹದ ಭಾಗ) ಮೂಲಕ ಮೈ ಗ್ರೌಂಡಿಗೆ ಸೇರಿ, ಅದೇ ಮೈ ಸದ್ದಿಗೆ ಅಡ್ಡವಾಗಿ ನಿಲ್ಲುತ್ತದೆ. ಹಾಗಾಗಿ ಗಿಟಾರಿನ ಒಳಗಿನ ವೈರಿಂಗ್ ಸರಿ ಇದೆ ಎಂದೇ ಲೆಕ್ಕ. ಮುಟ್ಟಿದಾಗ ಸದ್ದು ಜಾಸ್ತಿಯಾದರೆ ಮಾತ್ರ ವೈರ್ ಅದಲು ಬದಲಾಗಿರಬಹುದು.

ಮೊದಲು ಆಂಪಿನಿಂದ ಗಿಟಾರಿನ ಕೇಬಲ್ ಎಳೆದು ನೋಡಿ. ಸದ್ದು ನಿಂತರೆ ತೊಂದರೆ ಹೊರಗಿನದು. ಆಗಲೂ ಗುಂಯ್ ಅಂದರೆ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು, ಅದು ಮೆಕ್ಯಾನಿಕ್ ಕೆಲಸ. ಗಾಜಿನ ವಾಲ್ವ್ ಇರುವ ಹಳೆ ಮಾದರಿಯ ಆಂಪ್ ಆದರಂತೂ ಪ್ಲಗ್ ತೆಗೆದ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರಬಹುದು.

ಇನ್ನು ಅರ್ತಿಂಗ್. ನನ್ನ ಮನೆಯಲ್ಲೂ ಇದೇ ಕತೆ. ಎರಡು ಕೇಬಲ್ ಬದಲಿಸಿದೆ, ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ಕೊನೆಗೆ ಎಕ್ಸ್‌ಟೆನ್ಶನ್ ಬೋರ್ಡಿನ ಪ್ಲಗ್ ಕಿತ್ತು ಬೋರ್ಡ್ ಬಿಚ್ಚಿದೆ. ಸಾಕೆಟಿಗೆ ಮೂರು ತೂತು, ಬಂದಿರುವ ವೈರಿಗೆ ಎರಡೇ ಎಳೆ! ಹಸಿರು ವೈರ್ ಬರಬೇಕಾದ ಸ್ಕ್ರೂ ಹೊಸದರ ಹಾಗೆ ಹೊಳೆಯುತ್ತಿತ್ತು. ಮೂರು ಎಳೆಯ ವೈರ್ ಹಾಕಿಸಿದ ಮೇಲೆ ಸದ್ದು ಅರ್ಧಕ್ಕಿಂತ ಕಡಿಮೆಯಾಯಿತು. ಬೋರ್ಡ್ ಸರಿ ಇದ್ದರೆ ಅರ್ತಿಂಗ್ ಗುಂಡಿ ನೋಡಿಸಿ. ನಮ್ಮ ಮುರಕಲ್ಲಿನ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿ ನಿಂತಾಗ ಅರ್ತ್ ಸರಿಯಾಗಿ ಸಿಗುವುದಿಲ್ಲ. ಗುಂಡಿಗೆ ನೀರು ಬಿಡಬೇಕು.

ತಂತಿ ಮುಟ್ಟಿದರೆ ಬೆರಳು ಜುಂ ಅನ್ನುತ್ತಾ? ಹಾಗಿದ್ದರೆ ಇವತ್ತೇ ಬಾರಿಸುವುದು ನಿಲ್ಲಿಸಿ, ವೈರ್‌ಮನ್ ನೋಡುವವರೆಗೆ ಪ್ಲಗ್ ಹಾಕಬೇಡಿ. ಪ್ಲಗ್ಗಿನ ದಪ್ಪ ಪಿನ್ (ಅರ್ತಿನದ್ದು) ಮುರಿದರೆ ಸದ್ದು ನಿಲ್ಲುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ನಿಲ್ಲಲೂಬಹುದು. ಆದರೆ 230 ವೋಲ್ಟ್ ಲೀಕ್ ಆದ ದಿನ ಅದು ಹೋಗುವುದು ಮಗನ ಕೈಯ ಮೂಲಕ.

ಅರ್ತಿಂಗ್ ಸರಿಯಾದ ಮೇಲೂ ಸ್ವಲ್ಪ ಉಳಿದಿದೆಯಾ? ಗಿಟಾರ್ ಹಿಡಿದು ಕೂತಲ್ಲೇ ನಿಧಾನ ತಿರುಗಲು ಹೇಳಿ. ಒಂದು ದಿಕ್ಕಿನಲ್ಲಿ ಸದ್ದು ಇಳಿದರೆ ಹತ್ತಿರದ ಇನ್ವರ್ಟರ್, ಸ್ಟೆಬಿಲೈಸರ್ ಇಂಥದರ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಪಡಿ. ದೂರ ಕೂತರೆ ಸಾಕು. ಚರ್ರೆನ್ನುವ ಸದ್ದಾದರೆ ಫ್ಯಾನ್ ರೆಗ್ಯುಲೇಟರನ್ನು ಫುಲ್ ಇಟ್ಟು ನೋಡಿ. ಒಂದೇ ಕಾಯಿಲಿನ ಪಿಕಪ್‌ಗೆ ಈ ಪೀಡೆ ಇದ್ದದ್ದೇ. 1955ರಲ್ಲಿ ಗಿಬ್ಸನ್ ಕಂಪನಿಯ ಸೇತ್ ಲವರ್ ಹಂಬಕರ್ ಪಿಕಪ್ ಮಾಡಿದ್ದು ಇದಕ್ಕೇ: ಎರಡು ಕಾಯಿಲ್, ಒಂದರ ಗುಂಯ್ ಇನ್ನೊಂದರದ್ದನ್ನು ಹೊಡೆಯುತ್ತದೆ.

ನಾಬ್ ತಿರುಗಿಸುವಾಗ ಕರಕರ ಅಂದರೆ ಅದು ಬೇರೆ ವಿಷಯ. ಒಳಗೆ ಧೂಳು, ನಮ್ಮ ಕರಾವಳಿಯ ಹಸಿ ಗಾಳಿ ಕೂತಿರುತ್ತದೆ. ಆಂಪ್ ಆಫ್ ಮಾಡಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ಇಪ್ಪತ್ತು ಸಲ ತಿರುಗಿಸಿ. ತೆಂಗಿನೆಣ್ಣೆ ಬೇಡ ಮಾರಾಯ್ರೆ, ನಮ್ಮ ಕಡೆ ಎಲ್ಲದಕ್ಕೂ ಅದೇ ಮದ್ದು.

ವೈರ್‌ಮನ್‌ಗೆ ಈಗಲೇ ಹೇಳಿಡಿ. ಜೂನ್ ಬಂದರೆ ಅವರು ಕೈಗೆ ಸಿಗುವುದಿಲ್ಲ.