ಪದ ಪರಿಚಯ: ಶೇಡಿಂಗ್ ಕ್ಯಾಲಿಬ್ರೇಷನ್

ಫ್ಲಾಟ್‌ಬೆಡ್ ಸ್ಕ್ಯಾನರಿನ ಗಾಜಿನ ಮೇಲೆ ಕುಳಿತ ಧೂಳಿನ ಕಣ ಚಿತ್ರದಲ್ಲಿ ಚುಕ್ಕೆಯಾಗಿ ಮೂಡುತ್ತದೆ. ಅದೇ ಕಣ ಗಾಜಿನ ಅಂಚಿನ ಚೌಕಟ್ಟಿನ ಅಡಿಯಲ್ಲಿರುವ ಬಿಳಿ ಪಟ್ಟಿಯ ಮೇಲೆ ಕುಳಿತರೆ, ಚಿತ್ರದ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ಒಂದು ಗೆರೆ ಬೀಳುತ್ತದೆ. ಇದು ಏಕೆ ಹೀಗೆ ಎಂಬುದು ತಿಳಿದರೆ ಶೇಡಿಂಗ್ ಕ್ಯಾಲಿಬ್ರೇಷನ್ ಮುಕ್ಕಾಲು ಪಾಲು ತಿಳಿದಂತೆ.

ಶೇಡಿಂಗ್ ಎಂದರೆ ಇಲ್ಲಿ ಚಿತ್ರಕಲೆಯ ನೆರಳು ಬೆಳಕಲ್ಲ. ಒಂದೇ ಬಿಳುಪು, ಸಂವೇದಕ ಒಮ್ಮೆಗೆ ಓದುವ ಸಾಲಿನುದ್ದಕ್ಕೂ ಒಂದೇ ಸಮನಾಗಿ ದಾಖಲಾಗದಿರುವ ದೋಷ. ಬಿಳಿ ಪಟ್ಟಿಯನ್ನು ಅಳೆದು ಈ ದೋಷವನ್ನು ಸರಿಪಡಿಸುವುದೇ ಶೇಡಿಂಗ್ ಕ್ಯಾಲಿಬ್ರೇಷನ್. ದೀಪದ ಬೆಳಕು ತುದಿಗಳಲ್ಲಿ ಕುಗ್ಗುತ್ತದೆ, ಮಸೂರವೂ ಅಂಚನ್ನು ಮಬ್ಬಾಗಿಸುತ್ತದೆ, ಸಂವೇದಕದ ಪಿಕ್ಸೆಲ್‌ಗಳಲ್ಲಂತೂ ಒಂದರಂತೆ ಇನ್ನೊಂದಿಲ್ಲ. ಎಂಟೂವರೆ ಇಂಚು ಅಗಲವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಬಿಂದುಗಳಂತೆ, ಓದಿದರೆ ಸಾಲಿಗೆ 5,100 ಪಿಕ್ಸೆಲ್; ಮೂರು ಬಣ್ಣ ಸೇರಿ 15,300 ಅಳತೆ. ಪ್ರತಿಯೊಂದಕ್ಕೂ ಡ್ರೈವರ್ (ಸ್ಕ್ಯಾನರನ್ನು ನಡೆಸುವ ತಂತ್ರಾಂಶ) ಎರಡು ಸಂಖ್ಯೆಗಳನ್ನು ಗುರುತಿಟ್ಟುಕೊಳ್ಳುತ್ತದೆ: ಕತ್ತಲಲ್ಲಿ ಸಿಕ್ಕ ಅಳತೆ ಮತ್ತು ಬಿಳಿ ಪಟ್ಟಿಯ ಮೇಲೆ ಸಿಕ್ಕ ಅಳತೆ. ಮುಂದೆ ಬರುವ ಪ್ರತಿ ಅಳತೆಯಿಂದ ಕಪ್ಪನ್ನು ಕಳೆದು, ಬಿಳಿ ಕಪ್ಪುಗಳ ಅಂತರದಿಂದ ಭಾಗಿಸಿದರೆ ಸರಿಪಡಿಸಿದ ಬೆಲೆ ಸಿಗುತ್ತದೆ.

ಈಗ ಆ ಧೂಳಿನ ಕಣಕ್ಕೆ ಬರೋಣ. ಕಪ್ಪು 10, ಬಿಳಿ 200 ಇರಬೇಕಾದ ಪಿಕ್ಸೆಲ್ ಧೂಳಿನಿಂದಾಗಿ ಬಿಳಿಯನ್ನು 160 ಎಂದು ಅಳೆದಿದೆ ಎಂದುಕೊಳ್ಳಿ. ಬೂದು ಬಣ್ಣದ ಮೇಲೆ ಅದು 105 ಓದಿದರೆ, ಸರಿಯಾದ ಫಲ 95 ಭಾಗ 190, ಅಂದರೆ ಅರ್ಧ. ಡ್ರೈವರ್ ಮಾಡುವ ಲೆಕ್ಕ 95 ಭಾಗ 150, ಸುಮಾರು 0.63. ಪ್ರತಿ ಸಾಲಿನಲ್ಲೂ ಅದೇ ಪಿಕ್ಸೆಲ್, ಅದೇ ತಪ್ಪು. ಹಾಗಾಗಿ ಸಂವೇದಕವನ್ನು ಹೊತ್ತ ಹೆಡ್ ಸಾಗಿದ ದಾರಿಯುದ್ದಕ್ಕೂ ತಿಳಿ ಗೆರೆ. ಖಾಲಿ ಬಿಳಿ ಹಾಳೆಯಲ್ಲಿ ಮಾತ್ರ ಇದು ಕಾಣುವುದೇ ಇಲ್ಲ, ಏಕೆಂದರೆ ಅಲ್ಲಿ ಬೆಲೆ ಗರಿಷ್ಠ ಮಿತಿಗೆ ತಾಗಿ ನಿಂತುಬಿಡುತ್ತದೆ. ಪರೀಕ್ಷೆಗೆ ಬೂದು ಹಾಳೆಯೇ ಬೇಕು ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಸಾಲುಸಾಲಾಗಿ ಗೆರೆಗಳು ಕಂಡಾಗ ಬಹಳ ಮಂದಿ ಅಂತಿಮ ಚಿತ್ರವನ್ನೇ ದಿಟ್ಟಿಸುತ್ತಾ ಕೂರುತ್ತಾರೆ. ನೋಡಬೇಕಾದದ್ದು ಬಿಳಿ ಪಟ್ಟಿಯ ಹಸಿ ಚಿತ್ರವನ್ನು, ಅಂದರೆ ಇನ್ನೂ ಸರಿಪಡಿಸದ ಚಿತ್ರವನ್ನು. ಸ್ಕ್ಯಾನರ್ ಬಳಸಲು ಇರುವ ಮುಕ್ತ ತಂತ್ರಾಂಶವಾದ ಸೇನ್‌ನಲ್ಲಿ ಇದು ಸಾಧ್ಯ: ಅದರ ಜೆನೆಸಿಸ್ ಡ್ರೈವರಿನಲ್ಲಿ ಚಿತ್ರಗಳನ್ನು ದಾಖಲಿಸುವ ಡೀಬಗ್ ಆಯ್ಕೆಯನ್ನು (SANE_DEBUG_GENESYS_IMAGE=1) ಚಾಲೂ ಮಾಡಿದರೆ ಕ್ಯಾಲಿಬ್ರೇಷನ್ ವೇಳೆಯ ಅಳತೆಗಳು ಚಿತ್ರದ ಕಡತಗಳಾಗಿ ಕೈಗೆ ಸಿಗುತ್ತವೆ. ಪಟ್ಟಿಯ ಚಿತ್ರ ಕಪ್ಪಾಗಿದ್ದರೆ ಹೆಡ್ ಪಟ್ಟಿಯನ್ನು ತಲುಪಿಯೇ ಇಲ್ಲ, ಇಲ್ಲವೇ ದೀಪ ಹೊತ್ತಿಲ್ಲ. ಪಟ್ಟಿ ಚೆನ್ನಾಗಿದ್ದೂ ಸ್ಕ್ಯಾನ್ ತುಂಬ ಕೂದಲೆಳೆಯಂಥ ಗೆರೆಗಳಿದ್ದರೆ, ಪ್ರತಿ ಪಿಕ್ಸೆಲ್‌ನ ಕಪ್ಪು ಬಿಳಿ ಸಂಖ್ಯೆಗಳಿಂದಾದ ತಿದ್ದುಪಡಿಯ ಕೋಷ್ಟಕ ಒಂದೆರಡು ಪಿಕ್ಸೆಲ್ ಸರಿದಿದೆಯೇ ನೋಡಿ. ಪ್ರತಿ ಪಿಕ್ಸೆಲ್‌ಗೂ ನೆರೆಯ ಪಿಕ್ಸೆಲ್‌ನ ಮದ್ದು ಬೀಳುತ್ತಿರಬಹುದು. ಶೇಡಿಂಗ್ ತಿದ್ದುಪಡಿಯನ್ನು ಪೂರ್ತಿ ನಿಲ್ಲಿಸಿ ಒಮ್ಮೆ ಸ್ಕ್ಯಾನ್ ಮಾಡಿ. ಗೆರೆಗಳು ತಗ್ಗಿದರೆ ತಪ್ಪು ಸಂವೇದಕದ್ದಲ್ಲ, ಕೋಷ್ಟಕದ್ದು.

ಇನ್ನೊಂದು ಮಾತು. ಇದೇ ಡ್ರೈವರ್ ಕ್ಯಾಲಿಬ್ರೇಷನ್ ಫಲವನ್ನು ಕಡತದಲ್ಲಿ ಉಳಿಸಿಕೊಂಡು ಮುಂದಿನ ಸಲವೂ ಬಳಸುತ್ತದೆ. ಸಮಯ ಉಳಿಯುತ್ತದೆ, ನಿಜ. ಆದರೆ ಡ್ರೈವರಿನ ಕೋಡ್ ತಿದ್ದಿದ ಮೇಲೂ ಹಳೆಯ ಕಡತವೇ ಉಳಿದಿದ್ದರೆ, ಸರಿಯಾದ ತಿದ್ದುಪಡಿಯೂ ಫಲಿಸದಂತೆ ಕಾಣುತ್ತದೆ. ಒಳ್ಳೆಯ ತಿದ್ದುಪಡಿಯೊಂದು ಹಾಗೆ ಕಸದ ಬುಟ್ಟಿ ಸೇರುವುದು ನೋವಿನ ಸಂಗತಿ. ಪ್ರತಿ ಪರೀಕ್ಷೆಗೂ ಮೊದಲು ಆ ಕಡತವನ್ನು ಅಳಿಸಿಬಿಡಿ.