ಫ್ರಿಟ್ಜ್ ಪೊಲಾರ್ಡ್: ವೃತ್ತಿಪರ ಅಮೆರಿಕನ್ ಫುಟ್‌ಬಾಲ್‌ನ ಮೊದಲ ದಿನಗಳು

ಮೊದಲೇ ಒಂದು ಮಾತು. ಇದು ನಾವು ಕಾಲಲ್ಲಿ ಒದ್ದು ಆಡುವ ಫುಟ್‌ಬಾಲ್ ಅಲ್ಲ. ಇಲ್ಲಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎದುರಾಳಿಗಳು ಮೈಮೇಲೆ ಬಿದ್ದು ಕೆಡವುತ್ತಾರೆ. ಹೀಗೆ ಚೆಂಡು ಹಿಡಿದು ಓಡುವ ಹಾಫ್‌ಬ್ಯಾಕ್ ಜಾಗದಲ್ಲಿ ಪೊಲಾರ್ಡ್ ಆಡುತ್ತಿದ್ದರು.

ಹುಟ್ಟಿದ್ದು 1894ರಲ್ಲಿ, ಷಿಕಾಗೋದಲ್ಲಿ. ಪೂರ್ತಿ ಹೆಸರು ಫ್ರೆಡ್ರಿಕ್ ಡಗ್ಲಸ್ ಪೊಲಾರ್ಡ್. ಗುಲಾಮಗಿರಿಯ ವಿರುದ್ಧ ಹೋರಾಡಿದ ನಾಯಕನ ಹೆಸರನ್ನೇ ಮನೆಯವರು ಇಟ್ಟಿದ್ದರು. ಬ್ರೌನ್ ವಿಶ್ವವಿದ್ಯಾಲಯದ ಪರವಾಗಿ 1916ರ ಜನವರಿ 1ರಂದು ರೋಸ್ ಬೌಲ್ ಎಂಬ ಹೆಸರಾಂತ ಕಾಲೇಜು ಫುಟ್‌ಬಾಲ್ ಪಂದ್ಯ ಆಡಿದರು. ಅಲ್ಲಿ ಆಡಿದ ಮೊದಲ ಕಪ್ಪುವರ್ಣೀಯ ಆಟಗಾರ ಇವರೇ. ಆವತ್ತು ಬ್ರೌನ್ 14-0ರಿಂದ ಸೋತಿತು. ಆದರೆ ಅದೇ ವರ್ಷದ ಮುಂದಿನ ಸೀಸನ್‌ನಲ್ಲಿ ಯೇಲ್ ಮತ್ತು ಹಾರ್ವರ್ಡ್ ಎರಡನ್ನೂ ಸೋಲಿಸಿತು.

ಈಗ ಮುಖ್ಯ ಭಾಗ. 1920ರ ಸೆಪ್ಟೆಂಬರ್‌ನಲ್ಲಿ ಓಹಾಯೋ ರಾಜ್ಯದ ಕ್ಯಾಂಟನ್ ಊರಿನ ಒಂದು ಕಾರ್ ಶೋರೂಮಿನಲ್ಲಿ ಹೊಸ ಲೀಗ್ ಹುಟ್ಟಿತು. ಇವತ್ತಿನ ಎನ್‌ಎಫ್‌ಎಲ್ (ನ್ಯಾಷನಲ್ ಫುಟ್‌ಬಾಲ್ ಲೀಗ್) ಅದೇ. ಈ ಹೆಸರು ಬಂದಿದ್ದು 1922ರಲ್ಲಿ. ಮೊದಲ ವರ್ಷವೇ ಪೊಲಾರ್ಡ್ ಇದ್ದ ಆ್ಯಕ್ರನ್ ಪ್ರೋಸ್ ತಂಡ 8 ಗೆದ್ದು, 3 ಡ್ರಾ ಮಾಡಿ, ಒಂದನ್ನೂ ಸೋಲಲಿಲ್ಲ. ಆಗ ಫೈನಲ್ ಪಂದ್ಯ ಅಂತ ಇರಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಸಭೆ ಸೇರಿ, ಮತ ಹಾಕಿ ಚಾಂಪಿಯನ್ ಪಟ್ಟ ಕೊಟ್ಟರು!

ಮೈದಾನದಲ್ಲಿ ಕಪ್ಪುವರ್ಣೀಯರಾದ ಪೊಲಾರ್ಡ್ ಪಾಡು ಹೇಗಿತ್ತು ಗೊತ್ತಾ? ಅವರು ಕೆಳಗೆ ಬಿದ್ದ ಮೇಲೂ ಎದುರಾಳಿಗಳು ಬೇಕಂತಲೇ ಮೈಮೇಲೆ ಬಿದ್ದು ನೋಯಿಸಲು ನೋಡುತ್ತಿದ್ದರು. ಅದಕ್ಕೆ ಪೊಲಾರ್ಡ್ ಬಿದ್ದ ಕೂಡಲೇ ಅಂಗಾತ ಹೊರಳಿ, ಸೈಕಲ್ ತುಳಿದ ಹಾಗೆ ಕಾಲುಗಳನ್ನು ಮೇಲೆ ಆಡಿಸುತ್ತಿದ್ದರು. ಆ ಬೂಟಿನ ಹತ್ತಿರ ಬರಲು ಯಾರಿಗೆ ಧೈರ್ಯ? ಇನ್ನು ಆ್ಯಕ್ರನ್‌ನಲ್ಲಿ ಪಂದ್ಯಕ್ಕೆ ಬಟ್ಟೆ ಬದಲಿಸಲು ಅವರಿಗೆ ತಂಡದ ಜೊತೆ ಜಾಗವಿರಲಿಲ್ಲ. ಮಾಲೀಕರ ಸಿಗಾರ್ ಕಾರ್ಖಾನೆಯಲ್ಲಿ ತಯಾರಾಗಿ ಬರುತ್ತಿದ್ದೆ ಎಂದು ಮುಂದೆ ಅವರೇ ನೆನಪಿಸಿಕೊಂಡಿದ್ದಾರೆ. ಚಾಂಪಿಯನ್ ತಂಡದ ಆಟಗಾರನಿಗೇ ಹೀಗೆ. ಓದುವಾಗ ನನಗೆ ತುಂಬಾ ಸಂಕಟವಾಯಿತು.

1921ರಲ್ಲಿ ಅದೇ ತಂಡಕ್ಕೆ ಎಲ್ಗೀ ಟೋಬಿನ್ ಜೊತೆ ಸೇರಿ ಕೋಚ್ ಆದರು. ಲೀಗಿನ ಮೊದಲ ಕಪ್ಪುವರ್ಣೀಯ ಹೆಡ್ ಕೋಚ್ ಎಂದು ಅವರನ್ನು ಕರೆಯುವುದು ಇದಕ್ಕೇ. ಆಮೇಲೆ ಮಿಲ್ವಾಕೀ, ಹ್ಯಾಮಂಡ್ ತಂಡಗಳಲ್ಲೂ ಆಡಿದರು. 1926ರ ಹೊತ್ತಿಗೆ ಲೀಗಿನಲ್ಲಿ ಅವರ ಆಟ ಮುಗಿಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಬಾಗಿಲು ಒಮ್ಮೆ ತೆರೆದ ಮೇಲೆ ತೆರೆದೇ ಇತ್ತು ಅಂದುಕೊಳ್ಳುತ್ತೇವೆ, ಅಲ್ವಾ? ಹಾಗಾಗಲಿಲ್ಲ. 1934ರಿಂದ 1945ರವರೆಗೆ ಎನ್‌ಎಫ್‌ಎಲ್‌ನಲ್ಲಿ ಒಬ್ಬ ಕಪ್ಪುವರ್ಣೀಯ ಆಟಗಾರನೂ ಇರಲಿಲ್ಲ. ಬರೆದಿಟ್ಟ ನಿಯಮ ಯಾವುದೂ ಇರಲಿಲ್ಲ, ಸುಮ್ನೆ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಆ ವರ್ಷಗಳಲ್ಲಿ ಪೊಲಾರ್ಡ್ ಕೈಕಟ್ಟಿ ಕೂರಲಿಲ್ಲ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ರೌನ್ ಬಾಂಬರ್ಸ್ ಎಂಬ ಕಪ್ಪುವರ್ಣೀಯರ ತಂಡಕ್ಕೆ ಕೋಚ್ ಆದರು. ಬಾಕ್ಸರ್ ಜೋ ಲೂಯಿಸ್‌ನ ಅಡ್ಡಹೆಸರೇ ಆ ತಂಡದ ಹೆಸರು.

ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ (ಆಟದ ಶ್ರೇಷ್ಠರನ್ನು ಗೌರವಿಸುವ ಸಂಸ್ಥೆ) ಅವರನ್ನು ಸೇರಿಸಿಕೊಂಡಿದ್ದು 2005ರಲ್ಲಿ. ಅವರ ನಂತರ ಎನ್‌ಎಫ್‌ಎಲ್‌ಗೆ ಇನ್ನೊಬ್ಬ ಕಪ್ಪುವರ್ಣೀಯ ಹೆಡ್ ಕೋಚ್ ಬಂದಿದ್ದು 1989ರಲ್ಲಿ, ರೇಡರ್ಸ್ ತಂಡದ ಆರ್ಟ್ ಶೆಲ್. ಅದನ್ನು ನೋಡಲು ಪೊಲಾರ್ಡ್ ಇರಲಿಲ್ಲ. ಮೂರು ವರ್ಷ ಮೊದಲೇ, 92ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು.